ಸರದಿಯ ಬಾಗಿಲಲ್ಲಿ ಸಂದೇಶಗಳ ಪರೀಕ್ಷೆ

ತಂತಿಯ ಮೂಲಕ ಸುದ್ದಿ ಕಳುಹಿಸುತ್ತಿದ್ದ ಕಾಲದಲ್ಲಿ ತಂತಿ ಕಚೇರಿಯ ಗುಮಾಸ್ತರು ಒಂದು ನಿಯಮವನ್ನು ಪಾಲಿಸಬೇಕಾಗಿತ್ತು. ಸುದ್ದಿಯ ಒಕ್ಕಣೆಗೆ ಮೊದಲು, ಅದು ಯಾವ ಕಚೇರಿಯಿಂದ ಹೊರಟಿತು, ಯಾರಿಗೆ ಸೇರಬೇಕು, ಅದರಲ್ಲಿ ಎಷ್ಟು ಪದಗಳಿವೆ ಎಂಬ ವಿವರಗಳನ್ನು ಕಳುಹಿಸುವುದು ಆ ನಿಯಮ. ಆಚೆಯ ಕಚೇರಿಯವನು ಸುದ್ದಿಯನ್ನು ಬರೆದುಕೊಂಡ ಮೇಲೆ ಪದಗಳನ್ನು ಎಣಿಸಿ ತಾಳೆ ನೋಡುತ್ತಿದ್ದನು. ಹನ್ನೆರಡು ಪದಗಳೆಂದು ಮೊದಲೇ ತಿಳಿಸಿದ್ದು, ಕೈಗೆ ಬಂದುವು ಹನ್ನೊಂದೇ ಆಗಿದ್ದರೆ, ಒಕ್ಕಣೆ ಎಷ್ಟೇ ಸರಿಯಾಗಿ ತೋರಿದರೂ ಅದನ್ನು ಹಾಗೆಯೇ ಬಟವಾಡೆಗೆ ಕೊಡುವಂತಿರಲಿಲ್ಲ. ‘ಬರುವುದಿಲ್ಲ’ ಎಂಬ ಒಂದು ಪದ ಬಿಟ್ಟುಹೋದರೆ ಸುದ್ದಿಯ ಅರ್ಥವೇ ತಲೆಕೆಳಗಾಗಬಹುದಷ್ಟೆ.

ಭಾರತದಲ್ಲಿ ತಂತಿ ಸೇವೆಯು ೨೦೧೩ರ ಜುಲೈ ತಿಂಗಳಿನಲ್ಲಿ ಮುಕ್ತಾಯವಾಯಿತು. ಆ ಗುಮಾಸ್ತನ ಎಣಿಕೆಯ ಕೆಲಸ ಮಾತ್ರ ಇಂದಿಗೂ ನಡೆದಿದೆ. ಅದೀಗ ಗಣಕಯಂತ್ರಗಳ ಪಾಲಿಗೆ ಬಂದಿದ್ದು, ಕ್ಷಣವೊಂದಕ್ಕೆ ಸಾವಿರಾರು ಸಂದೇಶಗಳ ಮೇಲೆ ಕಣ್ಣಿಗೆ ಕಾಣದಂತೆ ಜರುಗುತ್ತದೆ. ಈ ಪರೀಕ್ಷೆ ಹೇಗೆ ನಡೆಯುತ್ತದೆ, ಅದನ್ನು ಕಡೆಗಣಿಸಿದರೆ ಏನಾಗುತ್ತದೆ, ಅದರಿಂದಲೂ ಸಿಕ್ಕಿಬೀಳದ ತಪ್ಪು ಯಾವುದು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಸರದಿಯ ಏರ್ಪಾಡು

ದೊಡ್ಡ ವ್ಯವಹಾರಗಳಲ್ಲಿ ಎಲ್ಲ ಕೆಲಸವನ್ನೂ ಒಂದೇ ಕ್ರಮವಿಧಿ, ಎಂದರೆ ಪ್ರೋಗ್ರಾಂ, ಮಾಡುವುದಿಲ್ಲ. ಗಿರಾಕಿಯ ಬೇಡಿಕೆಯನ್ನು ಒಂದು ಬರೆದುಕೊಂಡರೆ, ಉಗ್ರಾಣದ ಲೆಕ್ಕವನ್ನು ಇನ್ನೊಂದು ನೋಡಿಕೊಳ್ಳುತ್ತದೆ; ಹಣದ ಲೆಕ್ಕ ಮೂರನೆಯದರದು. ಇವೆಲ್ಲ ಒಂದೇ ವೇಗದಲ್ಲಿ ಕೆಲಸ ಮಾಡುವುದಿಲ್ಲ. ಎಲ್ಲವೂ ಒಂದೇ ವೇಳೆಯಲ್ಲಿ ಎಚ್ಚರವಾಗಿರುತ್ತವೆಂಬ ಭರವಸೆಯೂ ಇಲ್ಲ. ಉಗ್ರಾಣದ ಯಂತ್ರ ಒಂದು ಗಂಟೆ ಕಾಲ ನಿಂತುಹೋದರೆ ಅಷ್ಟು ಹೊತ್ತು ಬಂದ ಬೇಡಿಕೆಗಳು ಕಳೆದುಹೋಗಬಾರದು. ಆದುದರಿಂದ ಅವುಗಳ ನಡುವೆ ಒಬ್ಬ ಮಧ್ಯವರ್ತಿಯನ್ನು ನಿಲ್ಲಿಸುತ್ತಾರೆ. ಕಳುಹಿಸುವವನು ಸಂದೇಶವನ್ನು ಈ ಮಧ್ಯವರ್ತಿಗೆ ಒಪ್ಪಿಸಿ ತನ್ನ ಕೆಲಸಕ್ಕೆ ಹೋಗಬಹುದು. ಮಧ್ಯವರ್ತಿಯು ಬಂದ ಸಂದೇಶಗಳನ್ನು ಸಾಲಾಗಿ ಇಟ್ಟುಕೊಂಡು, ಪಡೆಯುವವನು ಸಿದ್ಧನಾದಾಗ ಸರದಿಯ ಪ್ರಕಾರ ಕೊಡುತ್ತಾನೆ. ಇದೇ ಸಂದೇಶ ಸರದಿಯ ತಂತ್ರಾಂಶ.

ಐ.ಬಿ.ಎಂ. ಸಂಸ್ಥೆಯು ಎಂ.ಕ್ಯೂ. ಸೀರೀಸ್ ಎಂಬ ಹೆಸರಿನಲ್ಲಿ ಇಂಥ ತಂತ್ರಾಂಶವನ್ನು ೧೯೯೩ರಲ್ಲಿ ಹೊರತಂದಿತು. ೧೯೯೯ರಲ್ಲಿ ಆಂಡಿ ಸ್ಟ್ಯಾನ್‌ಫರ್ಡ್ ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಎಂಬ ಇಬ್ಬರು ತಜ್ಞರು, ತೈಲದ ಕೊಳವೆಮಾರ್ಗಗಳ ಸ್ಥಿತಿಯನ್ನು ಉಪಗ್ರಹದ ಮೂಲಕ ತಿಳಿಯುವ ಸಲುವಾಗಿ ಎಂ.ಕ್ಯೂ.ಟಿ.ಟಿ. ಎಂಬ ಮಿತವ್ಯಯದ ನಿಯಮಾವಳಿಯನ್ನು ರಚಿಸಿದರು. ೨೦೦೩ರಲ್ಲಿ ಜೆ. ಪಿ. ಮಾರ್ಗನ್ ಚೇಸ್ ಬ್ಯಾಂಕಿನಲ್ಲಿದ್ದ ಜಾನ್ ಒ’ಹಾರಾ ಅವರ ಪ್ರಯತ್ನದಿಂದ ಎ.ಎಂ.ಕ್ಯೂ.ಪಿ. ಎಂಬ ಮತ್ತೊಂದು ನಿಯಮಾವಳಿ ಹುಟ್ಟಿತು. ಈ ಮೂರರಿಂದಲೇ ನಮ್ಮ ಉದಾಹರಣೆಗಳನ್ನು ಆಯ್ದುಕೊಳ್ಳುತ್ತೇವೆ.

ಸಂದೇಶದ ತಲೆ, ಸಂದೇಶದ ಒಡಲು

ಸರದಿಯಲ್ಲಿ ನಿಲ್ಲುವ ಪ್ರತಿಯೊಂದು ಸಂದೇಶಕ್ಕೂ ಎರಡು ಭಾಗಗಳಿರುತ್ತವೆ. ಒಕ್ಕಣೆಯಿರುವ ಭಾಗ ಅದರ ಒಡಲು. ಒಡಲಿಗೆ ಮುಂಚೆ ಬರುವ ವಿವರಗಳ ಭಾಗವನ್ನು ತಂತ್ರಜ್ಞರು ಹೆಡರ್ ಎನ್ನುತ್ತಾರೆ; ನಾವು ಅದನ್ನು ಶಿರೋಲೇಖವೆಂದು ಕರೆಯೋಣ. ಒಡಲಿನಲ್ಲಿ ಏನಿದೆಯೆಂಬುದು ಮಧ್ಯವರ್ತಿಗೆ ಬೇಕಾದುದಲ್ಲ. ಅಂಚೆಯವನು ಲಕೋಟೆಯ ಮೇಲ್ವಿಳಾಸವನ್ನು ಮಾತ್ರ ಓದುವಂತೆ, ಅವನು ಶಿರೋಲೇಖವನ್ನಷ್ಟೇ ಓದಿ ನಡೆಯುತ್ತಾನೆ. ಸಂದೇಶ ಯಾವ ಸಾಲಿಗೆ ಸೇರಬೇಕು, ಒಡಲು ಎಷ್ಟು ಉದ್ದ, ಉತ್ತರ ಎಲ್ಲಿಗೆ ಹೋಗಬೇಕು, ಎಷ್ಟು ಹೊತ್ತಿನವರೆಗೆ ಸಂದೇಶಕ್ಕೆ ಬೆಲೆಯುಂಟು, ಇವೆಲ್ಲ ಅಲ್ಲಿಯೇ ತಿಳಿಯಬೇಕು.

ಒಂದು ವ್ಯತ್ಯಾಸವನ್ನು ವಾಚಕರು ಗಮನಿಸಬೇಕು. ಲಕೋಟೆಯ ಮೇಲೆ ಊರಿನ ಹೆಸರು ಸ್ವಲ್ಪ ಅಳಿಸಿದ್ದರೂ ಅನುಭವವುಳ್ಳ ಅಂಚೆಯವನು ಊಹಿಸಬಲ್ಲನು. ಗಣಕಯಂತ್ರಕ್ಕೆ ಬರುವುದು ಬರಿಯ ಬೈಟುಗಳ ಪ್ರವಾಹ. ಸೊನ್ನೆಯಿಂದ ೨೫೫ರವರೆಗಿನ ಅಂಕಿಗಳು ಒಂದರ ಹಿಂದೆ ಒಂದು ಹರಿದು ಬರುತ್ತವೆ. ತಲೆ ಎಲ್ಲಿ ಮುಗಿಯಿತು, ಒಡಲು ಎಲ್ಲಿ ಆರಂಭವಾಯಿತು ಎಂಬುದಕ್ಕೆ ಆ ಅಂಕಿಗಳೇ ಸಾಕ್ಷಿ. ಹೊಲಗಳನ್ನು ಅಳೆಯುವಾಗ ಸರಪಣಿಯನ್ನು ಮೊದಲನೆಯ ಗಡಿಕಲ್ಲಿನಲ್ಲಿಯೇ ತಪ್ಪಾಗಿ ಇಟ್ಟರೆ ಮುಂದಿನ ಹೊಲಗಳ ಗಡಿಗಳೆಲ್ಲ ತಪ್ಪುವಂತೆ, ಒಂದು ಸಂದೇಶದ ಅಳತೆ ತಪ್ಪಿದರೆ ಅದರ ಹಿಂದೆ ಬರುವ ಸಂದೇಶಗಳೆಲ್ಲ ತಪ್ಪಾಗಿಯೇ ಓದಲ್ಪಡುತ್ತವೆ.

ಮೊದಲ ನೋಟ

ಎ.ಎಂ.ಕ್ಯೂ.ಪಿ. ನಿಯಮಾವಳಿಯಲ್ಲಿ ಪರೀಕ್ಷೆಯು ಪರಿಚಯದ ಮಾತಿನಿಂದಲೇ ಮೊದಲಾಗುತ್ತದೆ. ಸಂಪರ್ಕವನ್ನು ಬಯಸುವವನು ಮೊಟ್ಟಮೊದಲು ಎಂಟು ಬೈಟುಗಳನ್ನು ಕಳುಹಿಸಬೇಕು. ಮೊದಲಿನ ನಾಲ್ಕು, ನಿಯಮಾವಳಿಯ ಹೆಸರಿನ ನಾಲ್ಕು ಅಕ್ಷರಗಳು. ೨೦೦೮ರಲ್ಲಿ ಪ್ರಕಟವಾಗಿ ಬಹಳ ಬಳಕೆಗೆ ಬಂದ ಆವೃತ್ತಿಯಲ್ಲಿ ಉಳಿದ ನಾಲ್ಕು ೦, ೦, ೯, ೧ ಎಂದಿರಬೇಕು. ಇವು ಹೊಂದದಿದ್ದರೆ ಮಧ್ಯವರ್ತಿಯು ತನಗೆ ಒಪ್ಪಿಗೆಯಾದ ಎಂಟು ಬೈಟುಗಳನ್ನು ತಿರುಗಿ ಕಳುಹಿಸಿ ಬಾಗಿಲನ್ನು ಮುಚ್ಚುತ್ತಾನೆ. ಹೆಚ್ಚಿನ ವಾದಕ್ಕೆ ಎಡೆಯಿಲ್ಲ.

ಪರಿಚಯವಾದ ಮೇಲೆ ಮಾಹಿತಿಯು ಚೌಕಟ್ಟುಗಳಲ್ಲಿ ಬರುತ್ತದೆ. ಪ್ರತಿಯೊಂದು ಚೌಕಟ್ಟಿನ ತಲೆಯಲ್ಲಿ ಏಳು ಬೈಟುಗಳು: ಬಗೆಯನ್ನು ತಿಳಿಸಲು ಒಂದು, ಕಾಲುವೆಯ ಸಂಖ್ಯೆಗೆ ಎರಡು, ಗಾತ್ರಕ್ಕೆ ನಾಲ್ಕು. ಬಳಿಕ ತಿಳಿಸಿದಷ್ಟು ಗಾತ್ರದ ಮಾಹಿತಿ. ಅದರ ಕೊನೆಯಲ್ಲಿ ಯಾವಾಗಲೂ ೨೦೬ ಎಂಬ ಅಂಕಿಯುಳ್ಳ ಒಂದು ಬೈಟು. ಈ ಕೊನೆಯ ಬೈಟಿನಲ್ಲಿ ಯಾವ ಸುದ್ದಿಯೂ ಇಲ್ಲ. ಆದರೂ ಅದರ ಉಪಯೋಗ ದೊಡ್ಡದು. ಗಾತ್ರ ತಪ್ಪಾಗಿ ಬರೆಯಲ್ಪಟ್ಟಿದ್ದರೆ, ಅಷ್ಟು ಬೈಟುಗಳನ್ನು ಎಣಿಸಿಕೊಂಡು ಹೋದಾಗ ಎದುರಾಗುವ ಅಂಕಿ ೨೦೬ ಆಗಿರುವುದು ಅಪರೂಪ. ಏನಾದರೊಂದು ಅಂಕಿ ಅಲ್ಲಿರುವುದಾದರೆ, ಅದು ಆಕಸ್ಮಿಕವಾಗಿ ೨೦೬ ಆಗುವ ಸಂಭವ ೨೫೬ರಲ್ಲಿ ಒಂದು. ೨೦೬ ಕಾಣದಿದ್ದರೆ ಸಂಪರ್ಕವನ್ನು ಕಡಿದುಹಾಕಬೇಕೆಂದು ನಿಯಮ. ತಂತಿ ಗುಮಾಸ್ತನು ಪದಗಳನ್ನು ಎಣಿಸಿದಂತೆಯೇ ಇದು.

ಉದ್ದದ ಮಾತನ್ನು ನಂಬಬಹುದೆ?

ಶಿರೋಲೇಖದಲ್ಲಿ ಅತ್ಯಂತ ಅಪಾಯಕಾರಿಯಾದುದು ಉದ್ದವನ್ನು ಹೇಳುವ ಅಂಕಣ. ನಾಲ್ಕು ಬೈಟುಗಳಲ್ಲಿ ೪೨೯ ಕೋಟಿಗೂ ಮಿಕ್ಕ ಸಂಖ್ಯೆಯನ್ನು ಬರೆಯಬಹುದು. ಯಾರೋ ಅಜಾಗ್ರತೆಯಿಂದಲೋ ದುರುದ್ದೇಶದಿಂದಲೋ ಅಂಥ ಸಂಖ್ಯೆಯನ್ನು ಬರೆದು, ಮಧ್ಯವರ್ತಿಯು ಅದನ್ನು ನಂಬಿ ಅಷ್ಟು ಸ್ಮೃತಿಯನ್ನು ಕಾದಿರಿಸಲು ಹೊರಟರೆ, ಸಂದೇಶದ ಒಂದು ಅಕ್ಷರವೂ ಬರುವುದಕ್ಕೆ ಮುಂಚೆಯೇ ಯಂತ್ರ ಕುಸಿಯಬಹುದು. ಇದಕ್ಕಾಗಿಯೇ ಎ.ಎಂ.ಕ್ಯೂ.ಪಿ.ಯಲ್ಲಿ ಚೌಕಟ್ಟಿನ ಗರಿಷ್ಠ ಗಾತ್ರವನ್ನು ಎರಡು ಕಡೆಯವರೂ ಮೊದಲೇ ಒಪ್ಪಿಕೊಂಡಿರುತ್ತಾರೆ. ಅದನ್ನು ಮೀರಿದ ಚೌಕಟ್ಟು ೫೦೧ ಎಂಬ ದೋಷಸಂಖ್ಯೆಗೆ ಗುರಿಯಾಗುತ್ತದೆ.

ಎಂ.ಕ್ಯೂ.ಟಿ.ಟಿ.ಯ ರೀತಿ ಬೇರೆ. ಅದರ ಅತಿ ಚಿಕ್ಕ ಶಿರೋಲೇಖ ಎರಡೇ ಬೈಟುಗಳದು. ಉದ್ದವನ್ನು ಬರೆಯುವಾಗ ಪ್ರತಿ ಬೈಟಿನ ಎಂಟು ಬಿಟ್ಟುಗಳಲ್ಲಿ ಏಳನ್ನು ಸಂಖ್ಯೆಗೂ, ಎಂಟನೆಯದನ್ನು ‘ಮುಂದೆಯೂ ಇದೆ’ ಎಂಬ ಸೂಚನೆಗೂ ಬಳಸುತ್ತಾರೆ. ಸಣ್ಣ ಸಂದೇಶಕ್ಕೆ ಒಂದು ಬೈಟು ಸಾಕು; ಹೆಚ್ಚೆಂದರೆ ನಾಲ್ಕು. ಆದುದರಿಂದ ತಿಳಿಸಬಹುದಾದ ಗರಿಷ್ಠ ಉದ್ದ ೨೬,೮೪,೩೫,೪೫೫ ಬೈಟುಗಳು. ನಾಲ್ಕನೆಯ ಬೈಟಿನಲ್ಲಿಯೂ ‘ಮುಂದೆಯೂ ಇದೆ’ ಎಂಬ ಸೂಚನೆ ಕಂಡರೆ ಆ ಶಿರೋಲೇಖವೇ ಕೆಟ್ಟದ್ದೆಂದು ತೀರ್ಮಾನಿಸಬೇಕು. ಇಲ್ಲದಿದ್ದರೆ ಕೊನೆಯಿಲ್ಲದ ಸಂಖ್ಯೆಯನ್ನು ಓದುತ್ತ ಕೂರಬೇಕಾದೀತು!

ಉದ್ದದ ತಪ್ಪು ದುರುದ್ದೇಶದಿಂದಲೇ ಆಗಬೇಕೆಂದಿಲ್ಲ. ನಮ್ಮ ಭಾಷೆಯಿಂದಲೇ ಒಂದು ನಿದರ್ಶನವನ್ನು ಕೊಡಬಹುದು. ‘ಕನ್ನಡ’ ಎಂಬ ಮಾತಿನಲ್ಲಿ ನಮ್ಮ ಕಣ್ಣಿಗೆ ಮೂರು ಅಕ್ಷರಗಳು. ಯೂನಿಕೋಡ್ ಸಂಕೇತದಲ್ಲಿ ಅದು ಐದು ಚಿಹ್ನೆಗಳಾಗುತ್ತದೆ: ಕ, ನ, ವಿರಾಮಚಿಹ್ನೆ, ಮತ್ತೆ ನ, ಕೊನೆಗೆ ಡ. ಸಾಮಾನ್ಯವಾಗಿ ಬಳಕೆಯಲ್ಲಿರುವ ಯು.ಟಿ.ಎಫ್.-೮ ಪದ್ಧತಿಯಲ್ಲಿ ಇವುಗಳಲ್ಲಿ ಪ್ರತಿಯೊಂದಕ್ಕೂ ಮೂರು ಬೈಟುಗಳು ಬೇಕು, ಒಟ್ಟು ಹದಿನೈದು. ಶಿರೋಲೇಖದಲ್ಲಿ ಬರೆಯಬೇಕಾದುದು ಬೈಟುಗಳ ಲೆಕ್ಕ. ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ಕಂಡ ಕ್ರಮವಿಧಿಕಾರನು ಚಿಹ್ನೆಗಳನ್ನು ಎಣಿಸಿ ಐದು ಎಂದು ಬರೆದುಬಿಡಬಹುದು. ಇಂಗ್ಲಿಷಿನ ಒಂದಕ್ಷರಕ್ಕೆ ಒಂದೇ ಬೈಟು ಸಾಕಾಗುವುದರಿಂದ ಅವನ ತಪ್ಪು ವರ್ಷಗಟ್ಟಲೆ ಬೆಳಕಿಗೆ ಬಾರದೆ ಇರುತ್ತದೆ. ಕನ್ನಡದ ಹೆಸರು ಬಂದ ದಿನ ಪಡೆಯುವವನು ಐದೇ ಬೈಟುಗಳನ್ನು ಓದಿ, ‘ಕ’ ಪೂರ್ತಿಯಾಗಿ ‘ನ’ ಅರ್ಧಕ್ಕೆ ತುಂಡಾಗಿ, ಉಳಿದ ಹತ್ತು ಬೈಟುಗಳನ್ನು ಮುಂದಿನ ಅಂಕಣವೆಂದು ಭಾವಿಸುತ್ತಾನೆ. ಎಂ.ಕ್ಯೂ.ಟಿ.ಟಿ.ಯು ಇಂಥ ತುಂಡಾದ ಅಕ್ಷರವನ್ನು ಕಂಡೊಡನೆ ಸಂಪರ್ಕವನ್ನು ಮುಚ್ಚಬೇಕೆಂದು ವಿಧಿಸಿರುವುದು ಸರಿಯಾಗಿಯೇ ಇದೆ.

ಉದ್ದವನ್ನು ನಂಬಿದುದರಿಂದಾದ ಅನಾಹುತಗಳಲ್ಲಿ ಪ್ರಸಿದ್ಧವಾದುದು ೨೦೧೪ರ ಏಪ್ರಿಲ್ ೭ರಂದು ಬಹಿರಂಗವಾದ ‘ಹಾರ್ಟ್‌ಬ್ಲೀಡ್’. ಅದು ಸರದಿಯ ತಂತ್ರಾಂಶದ ದೋಷವಲ್ಲ. ಗುಪ್ತ ಸಂಪರ್ಕಗಳಿಗೆ ಬಳಸುವ ಓಪನ್ ಎಸ್.ಎಸ್.ಎಲ್. ಎಂಬ ತಂತ್ರಾಂಶದ್ದು. ಆದರೆ ತತ್ತ್ವ ಒಂದೇ. ಎರಡು ಯಂತ್ರಗಳು ಪರಸ್ಪರ ಜೀವಂತವಾಗಿವೆಯೆ ಎಂದು ತಿಳಿಯಲು ಒಂದು ಪುಟ್ಟ ಸಂದೇಶವನ್ನು ಕಳುಹಿಸಿ, ಅದನ್ನೇ ತಿರುಗಿ ಪಡೆಯುವ ಏರ್ಪಾಡಿತ್ತು. ಸಂದೇಶದ ಉದ್ದವನ್ನು ಎರಡು ಬೈಟುಗಳಲ್ಲಿ ಬರೆಯಲಾಗುತ್ತಿತ್ತು. ಬಂದ ಸಂದೇಶ ನಿಜವಾಗಿ ಅಷ್ಟು ಉದ್ದವಿದೆಯೆ ಎಂದು ಯಾರೂ ನೋಡುತ್ತಿರಲಿಲ್ಲ. ಒಂದೆರಡು ಅಕ್ಷರ ಕಳುಹಿಸಿ ಅರುವತ್ತು ಸಾವಿರವೆಂದು ಬರೆದವನಿಗೆ, ಪಕ್ಕದ ಸ್ಮೃತಿಯಲ್ಲಿದ್ದ ಅನ್ಯರ ಮಾಹಿತಿಯೂ ಸೇರಿ ಅಷ್ಟೂ ತಿರುಗಿ ಬರುತ್ತಿತ್ತು. ೨೦೧೨ರ ಮಾರ್ಚಿಯಲ್ಲಿ ಬಿಡುಗಡೆಯಾದ ಆವೃತ್ತಿಯಿಂದ ಎರಡು ವರ್ಷ ಈ ದೋಷ ಅಡಗಿತ್ತು. ಪರಿಹಾರವೋ, ತಿಳಿಸಿದ ಉದ್ದವನ್ನು ಬಂದ ಉದ್ದದೊಡನೆ ಹೋಲಿಸುವ ಕೆಲವೇ ಪಂಕ್ತಿಗಳು.

ಬರೆಯಬಹುದಾದ, ಆದರೆ ಬರೆಯಬಾರದ ಸಂಖ್ಯೆಗಳು

ಉದ್ದವು ಸರಿಯಾದ ಮೇಲೆ ಅಂಕಣಗಳ ಸರದಿ. ಎಂ.ಕ್ಯೂ.ಟಿ.ಟಿ.ಯಲ್ಲಿ ಸಂದೇಶವನ್ನು ಎಷ್ಟು ಜಾಗರೂಕತೆಯಿಂದ ತಲುಪಿಸಬೇಕೆಂಬುದಕ್ಕೆ ೦, ೧, ೨ ಎಂಬ ಮೂರು ಮಟ್ಟಗಳಿವೆ. ಇದನ್ನು ಬರೆಯಲು ಎರಡು ಬಿಟ್ಟುಗಳನ್ನು ಮೀಸಲಿಟ್ಟಿದೆ. ಎರಡು ಬಿಟ್ಟುಗಳಲ್ಲಿ ನಾಲ್ಕು ಸಂಖ್ಯೆಗಳನ್ನು ಬರೆಯಬಹುದಾದುದರಿಂದ ೩ ಎಂಬುದು ಅರ್ಥವಿಲ್ಲದೆ ಉಳಿಯಿತು. ಅದನ್ನು ಕಂಡಲ್ಲಿ ‘ಬಹುಶಃ ೨ ಇರಬೇಕು’ ಎಂದು ಊಹಿಸುವ ಅಧಿಕಾರ ಮಧ್ಯವರ್ತಿಗಿಲ್ಲ, ಸಂಪರ್ಕವನ್ನು ಮುಚ್ಚಲೇಬೇಕು.

ಐ.ಬಿ.ಎಂ.ನ ತಂತ್ರಾಂಶದಲ್ಲಿ ಪ್ರತಿ ಸಂದೇಶದೊಡನೆ ಒಂದು ವಿವರಣಪಟ್ಟಿ ಇರುತ್ತದೆ. ಅದರ ಮೊದಲ ಆವೃತ್ತಿಯ ಉದ್ದ ೩೨೪ ಬೈಟುಗಳು, ಎರಡನೆಯದರದು ೩೬೪. ಪಟ್ಟಿಯ ಆರಂಭದಲ್ಲಿ ‘ಎಂ’, ‘ಡಿ’ ಎಂಬ ಎರಡು ಇಂಗ್ಲಿಷ್ ಅಕ್ಷರಗಳೂ ಎರಡು ಖಾಲಿ ಸ್ಥಳಗಳೂ ಇರಬೇಕು. ಅದರ ಬಳಿಕ ಆವೃತ್ತಿಯ ಸಂಖ್ಯೆ. ಇವು ತಪ್ಪಿದರೆ ೨೦೨೬ ಎಂಬ ಕಾರಣಸಂಖ್ಯೆಯೊಡನೆ ಸಂದೇಶ ತಿರಸ್ಕೃತವಾಗುತ್ತದೆ. ಕೆಲವು ತಪ್ಪುಗಳು ಎರಡು ಅಂಕಣಗಳನ್ನು ಒಟ್ಟಿಗೆ ನೋಡಿದಾಗಲೇ ತಿಳಿಯುತ್ತವೆ. ‘ಇದು ಉತ್ತರವನ್ನು ಬಯಸುವ ಸಂದೇಶ’ ಎಂದು ಒಂದು ಅಂಕಣದಲ್ಲಿದ್ದು, ಉತ್ತರ ಸೇರಬೇಕಾದ ಸಾಲಿನ ಹೆಸರಿನ ಅಂಕಣ ಖಾಲಿಯಾಗಿದ್ದರೆ, ಬಿಡಿಬಿಡಿಯಾಗಿ ಎರಡೂ ಸರಿ, ಒಟ್ಟಿಗೆ ತಪ್ಪು. ಇಂಥ ಸಂದೇಶಕ್ಕೆ ೨೦೨೭ ಎಂಬ ಬೇರೆಯೇ ಕಾರಣಸಂಖ್ಯೆಯುಂಟು. ತಪ್ಪನ್ನು ಕಂಡುಹಿಡಿಯುವುದರ ಜೊತೆಗೆ, ಯಾವ ತಪ್ಪೆಂದು ಕಳುಹಿಸಿದವನಿಗೆ ತಿಳಿಸುವುದೂ ಪರೀಕ್ಷಕನ ಕರ್ತವ್ಯವೆಂದು ಇದರಿಂದ ವ್ಯಕ್ತವಾಗುತ್ತದೆ.

ವಿಷಸಂದೇಶ

ಬಾಗಿಲಲ್ಲಿ ತಡೆಯದೆ ಕೆಟ್ಟ ಸಂದೇಶವನ್ನು ಒಳಗೆ ಬಿಟ್ಟರೆ ಆಗುವುದೇನು? ಸರದಿಯ ತಂತ್ರಾಂಶವು ಸಂದೇಶವನ್ನು ಕಳೆದುಕೊಳ್ಳಬಾರದೆಂಬ ವ್ರತವುಳ್ಳದ್ದು. ಪಡೆಯುವ ಕ್ರಮವಿಧಿಯು ಕೆಲಸವನ್ನು ಮುಗಿಸಿದೆನೆಂದು ಹೇಳುವವರೆಗೆ ಸಂದೇಶವನ್ನು ಅದು ಬಿಟ್ಟುಕೊಡುವುದಿಲ್ಲ. ಈಗ, ಕೆಟ್ಟ ಶಿರೋಲೇಖವನ್ನು ಓದಿದ ಕ್ರಮವಿಧಿ ಮುಗ್ಗರಿಸಿ ಬಿದ್ದಿತೆನ್ನಿ. ಮಧ್ಯವರ್ತಿಯು ಆ ಸಂದೇಶವನ್ನು ಪುನಃ ಸಾಲಿನ ತಲೆಯಲ್ಲಿಡುತ್ತಾನೆ. ಕ್ರಮವಿಧಿ ಎದ್ದು ಬಂದು ಮತ್ತೆ ಅದನ್ನೇ ತೆಗೆದುಕೊಂಡು ಮತ್ತೆ ಬೀಳುತ್ತದೆ. ಹಿಂದೆ ನಿಂತಿರುವ ನಿರ್ದೋಷಿ ಸಂದೇಶಗಳೆಲ್ಲ ಕಾಯುತ್ತಲೇ ಇರಬೇಕು. ಇದನ್ನು ತಂತ್ರಜ್ಞರು ವಿಷಸಂದೇಶವೆನ್ನುತ್ತಾರೆ. ಸಂದೇಶಗಳನ್ನು ಕಾಪಾಡಬೇಕೆಂಬ ಸದ್ಗುಣವೇ ಇಲ್ಲಿ ಸಾಲನ್ನು ಕಟ್ಟಿಹಾಕುತ್ತದೆ.

ಇದಕ್ಕೆ ಮದ್ದೂ ಉಂಟು. ಐ.ಬಿ.ಎಂ.ನ ವಿವರಣಪಟ್ಟಿಯಲ್ಲಿ, ಸಂದೇಶವು ಎಷ್ಟು ಬಾರಿ ಹೊರಗೆ ಹೋಗಿ ಹಿಂದಿರುಗಿತೆಂಬ ಲೆಕ್ಕಕ್ಕೆ ಒಂದು ಅಂಕಣವಿದೆ. ಗೊತ್ತುಮಾಡಿದ ಮಿತಿಯನ್ನು ಮೀರಿದ ಸಂದೇಶವನ್ನು ಪಕ್ಕದ ಬೇರೊಂದು ಸಾಲಿಗೆ ಸರಿಸಬಹುದು. ಎಲ್ಲಿಗೂ ತಲುಪಿಸಲಾಗದ ಸಂದೇಶಗಳಿಗೆ ‘ಮೃತಪತ್ರಗಳ ಸಾಲು’ ಎಂಬುದೊಂದಿದೆ. ವಿಳಾಸ ಸಿಗದ ಕಾಗದಗಳಿಗೆಂದು ಅಂಚೆಯ ಇಲಾಖೆಗಳು ಇಟ್ಟಿದ್ದ ಕಚೇರಿಯಿಂದ ಬಂದ ಹೆಸರು ಅದು. ಅಲ್ಲಿಗೆ ಹೋಗುವ ಸಂದೇಶಕ್ಕೆ, ಅದು ಮೊದಲು ಯಾವ ಸಾಲಿಗೆ ಹೊರಟಿತ್ತು, ಯಾವ ಕಾರಣದಿಂದ ತಪ್ಪಿತು ಎಂಬುದನ್ನು ಬರೆದ ೧೭೨ ಬೈಟುಗಳ ಮತ್ತೊಂದು ಶಿರೋಲೇಖವನ್ನು ಅಂಟಿಸುತ್ತಾರೆ. ಈ ಹೊಸ ಶಿರೋಲೇಖವೂ ಸರಿಯಾಗಿರಬೇಕಾದುದರಿಂದ ಅದಕ್ಕೂ ಪರೀಕ್ಷೆ ತಪ್ಪಿದ್ದಲ್ಲ!

ಮೂರು ಸಂಖ್ಯೆಗಳ ಕಥೆ

ಇಷ್ಟೆಲ್ಲ ಪರೀಕ್ಷೆಗಳಿದ್ದರೆ ನಿಶ್ಚಿಂತರಾಗಿರಬಹುದೆ? ಅಮೆರಿಕದಲ್ಲಿ ೧೯೮೦ರ ಅಕ್ಟೋಬರ್ ೨೭ರಂದು ನಡೆದ ಘಟನೆಯನ್ನು ನೋಡಿದರೆ ಆಗದೆಂದೇ ಹೇಳಬೇಕು. ಇಂದಿನ ಅಂತರ್ಜಾಲಕ್ಕೆ ಪೂರ್ವಜನಾದ ಆರ್ಪಾನೆಟ್ ಅಂದು ಹಲವು ಗಂಟೆಗಳ ಕಾಲ ನಿರುಪಯುಕ್ತವಾಯಿತು. ಅದರ ಕಾರಣಗಳನ್ನು ಎರಿಕ್ ರೋಸೆನ್ ಅವರು ೧೯೮೧ರ ವರದಿಯಲ್ಲಿ ವಿವರಿಸಿದ್ದಾರೆ.

ಆರ್ಪಾನೆಟ್ಟಿನ ಪ್ರತಿ ಠಾಣೆಯ ಯಂತ್ರವೂ ತನ್ನ ಸುತ್ತಲಿನ ಮಾರ್ಗಗಳ ಸ್ಥಿತಿಯನ್ನು ತಿಳಿಸುವ ಸಂದೇಶಗಳನ್ನು ಉಳಿದ ಎಲ್ಲ ಠಾಣೆಗಳಿಗೂ ಹಬ್ಬಿಸುತ್ತಿತ್ತು. ಯಾವುದು ಹೊಸದು, ಯಾವುದು ಹಳೆಯದು ಎಂದು ತಿಳಿಯಲು ಅವುಗಳಿಗೆ ಆರು ಬಿಟ್ಟುಗಳ ಕ್ರಮಸಂಖ್ಯೆ, ಎಂದರೆ ೦ಯಿಂದ ೬೩ರವರೆಗೆ. ೬೩ರ ಬಳಿಕ ಪುನಃ ೦. ಅರುವತ್ತನಾಲ್ಕು ಮನೆಗಳುಳ್ಳ ಗಡಿಯಾರದ ಮುಖವನ್ನು ಕಲ್ಪಿಸಿಕೊಳ್ಳಿ: ಒಂದು ಸಂಖ್ಯೆಯಿಂದ ಮುಂದಕ್ಕೆ ೩೨ ಮನೆಗಳೊಳಗೆ ಇರುವ ಸಂಖ್ಯೆ ಅದಕ್ಕಿಂತ ಹೊಸದೆಂದು ನಿಯಮ. ಹೊಸದನ್ನು ಕಂಡ ಠಾಣೆಯು ಹಳೆಯದನ್ನು ಬಿಟ್ಟು, ಹೊಸದನ್ನು ನೆರೆಯವರಿಗೆ ಕಳುಹಿಸಬೇಕು.

ಅಂದು ಒಂದು ಯಂತ್ರದ ಸ್ಮೃತಿಯಲ್ಲಿ ಬಿಟ್ಟುಗಳು ಬಿದ್ದುಹೋದುವು. ೪೪ ಎಂಬ ಸಂಖ್ಯೆಯನ್ನು ದ್ವಿಮಾನ ಪದ್ಧತಿಯಲ್ಲಿ ೧೦೧೧೦೦ ಎಂದು ಬರೆಯುತ್ತಾರೆ. ಅದರಲ್ಲಿ ಒಂದು ಬಿಟ್ಟು ಹೋದರೆ ೧೦೧೦೦೦, ಎಂದರೆ ೪೦. ಇನ್ನೊಂದು ಹೋದರೆ ೦೦೧೦೦೦, ಎಂದರೆ ೮. ಹೀಗೆ ಒಂದೇ ಠಾಣೆಯ ಹೆಸರಿನಲ್ಲಿ ೪೪, ೪೦, ೮ ಎಂಬ ಮೂರು ಸಂದೇಶಗಳು ಒಟ್ಟಿಗೆ ಸಂಚರಿಸತೊಡಗಿದವು. ಈಗ ಲೆಕ್ಕ ಮಾಡಿ. ೮ಕ್ಕಿಂತ ೪೦ ಮೂವತ್ತೆರಡು ಮನೆ ಮುಂದೆ; ಆದುದರಿಂದ ಹೊಸದು. ೪೦ಕ್ಕಿಂತ ೪೪ ನಾಲ್ಕು ಮನೆ ಮುಂದೆ, ಹೊಸದು. ೪೪ರಿಂದ ಸುತ್ತು ಬಂದರೆ ೮ ಇಪ್ಪತ್ತೆಂಟು ಮನೆ ಮುಂದೆ, ಅದೂ ಹೊಸದೇ! ಮೂರರಲ್ಲಿ ಪ್ರತಿಯೊಂದೂ ಮತ್ತೊಂದಕ್ಕಿಂತ ಹೊಸದಾಗಿ, ಠಾಣೆಗಳು ಅವುಗಳನ್ನು ಎಡೆಬಿಡದೆ ಸುತ್ತಾಡಿಸಿದವು. ಇಂಥ ಸಂದೇಶಗಳಿಗೆ ಉಳಿದುವಕ್ಕಿಂತ ಆದ್ಯತೆಯಿದ್ದುದರಿಂದ ಸಾಲುಗಳೆಲ್ಲ ಇವುಗಳಿಂದಲೇ ತುಂಬಿ, ನಿಜವಾದ ಸುದ್ದಿಗೆ ದಾರಿಯಿಲ್ಲದಾಯಿತು.

ತಾಳೆ ನೋಡುವ ಏರ್ಪಾಡು ಇರಲಿಲ್ಲವೆಂದಲ್ಲ. ತಂತಿಯ ಮೇಲೆ ಸಾಗುವಾಗ ಸಂದೇಶ ಕೆಟ್ಟಿತೆ ಎಂದು ಅದು ನೋಡುತ್ತಿತ್ತು. ಸ್ಮೃತಿಯಲ್ಲಿ ಕುಳಿತಿದ್ದಾಗ ಕೆಟ್ಟಿತೆ ಎಂದು ನೋಡುತ್ತಿರಲಿಲ್ಲ. ೪೪, ೪೦, ೮ ಮೂರೂ ೦ ಮತ್ತು ೬೩ರ ನಡುವಿನವು. ರೂಪದಲ್ಲಿ ಯಾವ ಕುಂದೂ ಇರಲಿಲ್ಲ. ಕೊನೆಗೆ, ಆ ಮೂರು ಸಂದೇಶಗಳು ಯಾರ ಹೆಸರಿನಲ್ಲಿದ್ದುವೋ ಆ ೫೦ನೆಯ ಸಂಖ್ಯೆಯ ಠಾಣೆಯ ಸಂದೇಶಗಳನ್ನು ಕಡೆಗಣಿಸುವಂತೆ ಉಳಿದ ಯಂತ್ರಗಳನ್ನು ಮಾರ್ಪಡಿಸಬೇಕಾಯಿತು.

ಔದಾರ್ಯವೋ, ಕಟ್ಟುನಿಟ್ಟೋ?

ಅದೇ ೧೯೮೦ರಲ್ಲಿ ಅಂತರ್ಜಾಲದ ಶಿಲ್ಪಿಗಳಲ್ಲೊಬ್ಬರಾದ ಜಾನ್ ಪೋಸ್ಟೆಲ್ ಅವರು, ಕಳುಹಿಸುವಾಗ ಕಟ್ಟುನಿಟ್ಟಾಗಿಯೂ ಪಡೆಯುವಾಗ ಉದಾರವಾಗಿಯೂ ಇರಬೇಕೆಂಬ ಅರ್ಥದ ಸೂತ್ರವೊಂದನ್ನು ಮುಂದಿಟ್ಟರು. ಭಿನ್ನ ಭಿನ್ನ ಯಂತ್ರಗಳು ಪರಸ್ಪರ ಮಾತನಾಡಲು ಕಲಿಯುತ್ತಿದ್ದ ಕಾಲದಲ್ಲಿ ಇದು ಬಹಳ ಉಪಕಾರ ಮಾಡಿತು. ಆದರೆ ಔದಾರ್ಯಕ್ಕೆ ಒಂದು ಬೆಲೆಯುಂಟು. ತಪ್ಪು ಶಿರೋಲೇಖವನ್ನು ಒಬ್ಬ ಮಧ್ಯವರ್ತಿ ಸುಮ್ಮನೆ ಒಪ್ಪಿಕೊಂಡರೆ, ಕಳುಹಿಸಿದವನಿಗೆ ತನ್ನ ತಪ್ಪು ತಿಳಿಯುವುದೇ ಇಲ್ಲ. ಅಂಥ ಕಳುಹಿಸುವವರು ಹೆಚ್ಚಿದಂತೆ ಆ ತಪ್ಪನ್ನೇ ಸಂಪ್ರದಾಯವೆಂದು ಇತರರೂ ಒಪ್ಪಬೇಕಾಗುತ್ತದೆ. ಒಂದೇ ಕೆಟ್ಟ ಸಂದೇಶವನ್ನು ಇಬ್ಬರು ಎರಡು ರೀತಿಯಲ್ಲಿ ಊಹಿಸಿದರಂತೂ ಲೆಕ್ಕಗಳು ಹೊಂದದೆ ಹೋಗುತ್ತವೆ. ಅಂತರ್ಜಾಲದ ನಿಯಮಾವಳಿಗಳನ್ನು ನೋಡಿಕೊಳ್ಳುವ ಮಂಡಳಿಯೊಂದು ೨೦೨೩ರಲ್ಲಿ ಪ್ರಕಟಿಸಿದ ದಾಖಲೆಯಲ್ಲಿ, ತಪ್ಪುಗಳನ್ನು ಸಹಿಸುವುದಕ್ಕಿಂತ ಅವುಗಳನ್ನು ಎತ್ತಿ ತೋರಿಸಿ ತಿದ್ದಿಸುವುದೇ ಮೇಲೆಂಬ ಅಭಿಪ್ರಾಯಕ್ಕೆ ಬಂದಿದೆ.

ನಮಗೂ ಇದೇ ಸರಿಯೆಂದು ತೋರುತ್ತದೆ. ಬಾಗಿಲಲ್ಲಿ ನಡೆಯುವ ಪರೀಕ್ಷೆ ಅಗ್ಗದ್ದು: ಕೆಲವು ಬೈಟುಗಳ ಹೋಲಿಕೆ, ಒಂದು ಎಣಿಕೆ, ಒಂದು ತಿರಸ್ಕಾರ. ಅಲ್ಲಿ ಬಿಟ್ಟ ತಪ್ಪನ್ನು ಒಳಗೆ ಹುಡುಕುವುದು ದುಬಾರಿ. ಅಷ್ಟರಲ್ಲಿ ಅದು ಹಿಂದೆ ನಿಂತವರ ಹೊತ್ತನ್ನೂ ಕಳೆದಿರುತ್ತದೆ. ಹಾಗೆಂದು ಬಾಗಿಲ ಪರೀಕ್ಷೆಯಲ್ಲಿ ಗೆದ್ದುದೆಲ್ಲ ಸತ್ಯವೆಂದು ತಿಳಿಯುವಂತಿಲ್ಲ. ಶಿರೋಲೇಖದ ರೂಪ ಸರಿಯಾಗಿದೆಯೆಂದರೆ ಅದನ್ನು ಓದಬಹುದೆಂದು ಅರ್ಥ, ಅಷ್ಟೆ. ಅದು ಹೇಳುವ ಮಾತು ನಿಜವೆ, ಇತರ ಮಾತುಗಳೊಡನೆ ಹೊಂದುತ್ತದೆಯೆ ಎಂಬ ವಿಚಾರಣೆಯು ಆಮೇಲೂ ಉಳಿದಿರುತ್ತದೆ. ತಂತಿ ಕಚೇರಿಯ ಗುಮಾಸ್ತನು ಪದಗಳನ್ನು ಎಣಿಸಿ ಸುದ್ದಿಯನ್ನು ಒಪ್ಪಿಸುತ್ತಿದ್ದನು. ಸುದ್ದಿ ನಿಜವೋ ಸುಳ್ಳೋ ಎಂದು ತೂಗಿ ನೋಡುವ ಹೊಣೆ ಅದನ್ನು ಓದುವವನ ಮೇಲಿತ್ತು. ಯಂತ್ರಗಳ ಕಾಲದಲ್ಲಿಯೂ ಈ ಎರಡು ಕೆಲಸಗಳು ಬೇರೆ ಬೇರೆಯಾಗಿಯೇ ಇವೆ. ಒಂದನ್ನು ಮಾಡಿದ ಮಾತ್ರಕ್ಕೆ ಇನ್ನೊಂದನ್ನು ಬಿಡುವಂತಿಲ್ಲ.